ಪಂಜೆ ಎತ್ತದ ಮಂಗೇಶ

ನೂಲ ಹುಣ್ಣಿಮೆಯ ದಿನ ಬೆಳಿಗ್ಗೆ ಸಮುದ್ರದ ಇಳಿತ ಐದೂ ನಲವತ್ತಕ್ಕೆ. ಹತ್ತು ದಿನದಿಂದ ಈ ಒಂದು ಸಂಗತಿ ಪ್ರೀತಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅನ್ನದ ಉಂಡೆ ನುಂಗಿದರೂ ಇಳಿಯಲಿಲ್ಲ, ಬಾಳೆಹಣ್ಣು ನುಂಗಿದರೂ ಇಳಿಯಲಿಲ್ಲ.

ಹೆದರುವುದು ಅವಳಿಗೆ ಹೊಸದಲ್ಲ. ಮಗಳು ರಕ್ಷಿತಾಳಿಗೆ ಕುಡಿಸುವ ನೀರನ್ನು ಎರಡು ಸಲ ಕುದಿಸುತ್ತಿದ್ದಳು. ಶಾಲೆಯ ರಿಕ್ಷಾ ಐದು ನಿಮಿಷ ತಡವಾದರೆ ರಸ್ತೆಯ ತಿರುವಿನ ತನಕ ಓಡುತ್ತಿದ್ದಳು. ರೈಲ್ವೆ ಗಾರ್ಡನ ಮಗಳಾಗಿ ಹುಬ್ಬಳ್ಳಿಯ ಕ್ವಾರ್ಟರ್ಸಿನಲ್ಲಿ ಬೆಳೆದು, ಅಲ್ಲೇ ಬಿ.ಕಾಂ. ಮುಗಿಸಿ, ಕಾರವಾರದ ಕೋಡಿಬಾಗಕ್ಕೆ ಸೊಸೆಯಾಗಿ ಬಂದವಳು. ಆರು ವರ್ಷವಾದರೂ ಸಮುದ್ರದ ಸದ್ದಿಗೆ ಕಿವಿ ಒಗ್ಗಿರಲಿಲ್ಲ. ಆದರೆ ಉಳಿದ ಹೆದರಿಕೆಗಳಿಗೆ ಗೊತ್ತುಗುರಿ ಇರಲಿಲ್ಲ, ಬರುತ್ತಿದ್ದವು, ಹೋಗುತ್ತಿದ್ದವು. ಈ ಹೆದರಿಕೆಗೆ ದಿನ ಇತ್ತು, ಗಂಟೆ ಇತ್ತು, ಜಾಗ ಇತ್ತು. ಆಗಸ್ಟ್ ಒಂಬತ್ತು, ಐದೂ ನಲವತ್ತು, ಕಾಳಿ ನದಿಯ ಅಳಿವೆ.

ಅಳಿವೆಯೆಂದರೆ ಹೊಳೆ ಸಮುದ್ರ ಸೇರುವ ಬಾಯಿ. ಮಳೆಗಾಲದ ಕೊನೆಗೆ ಅಲ್ಲಿ ಮರಳಿನ ದಿಬ್ಬ ಕಟ್ಟಿರುತ್ತದೆ. ಇಳಿತದಲ್ಲಿ ಹೊಳೆಯ ಕೆಂಪು ನೀರು ಹೊರಗೆ ನುಗ್ಗುತ್ತದೆ, ಸಮುದ್ರ ಒಳಗೆ ತಳ್ಳುತ್ತದೆ. ಎರಡೂ ಆ ದಿಬ್ಬದ ಮೇಲೆ ಡಿಕ್ಕಿ ಹೊಡೆದು ತೆರೆಗಳು ಗೋಡೆಯಂತೆ ನಿಲ್ಲುತ್ತವೆ. ಒಂಬತ್ತರ ಸುಮಾರಿಗೆ ಭರತ ಏರಿದರೆ ಅದೇ ಜಾಗ ಸಣ್ಣ ಹುಡುಗರೂ ದಾಟುವಷ್ಟು ಸಪಾಟು. ಇದು ಊರಿಗೆಲ್ಲ ಗೊತ್ತು. ಆದರೂ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಲು ಮೊದಲು ಹೊರಬಿದ್ದ ದೋಣಿಗೆ ವರ್ಷವಿಡೀ ಒಂದು ಹೆಸರು. ಆ ಹೆಸರಿಗಾಗಿ ಅವಳ ಗಂಡ ಸಂಕೇತ ಇಳಿತದಲ್ಲೇ ದಾಟುವವನಿದ್ದ.

ಸಂಕೇತ ಇಪ್ಪತ್ತೆಂಟು ವರ್ಷ ನೆಲದ ಮೇಲೇ ಬದುಕಿದವನು. ಅವನಿಗೆ ಹದಿನಾಲ್ಕು ತುಂಬಿದ ವರ್ಷ ಅಪ್ಪ ರಾಮನಾಥ ಇದೇ ಅಳಿವೆಯಲ್ಲಿ, ಇದೇ ಹುಣ್ಣಿಮೆಯ ದಿನ ಮುಳುಗಿ ಸತ್ತಿದ್ದ. ಆಮೇಲೆ ಅವ್ವ ಬೇಬಿ ಮಗನನ್ನು ದೋಣಿ ಮುಟ್ಟಲು ಬಿಡಲಿಲ್ಲ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಓದಿಸಿದಳು. ಅವನು ಗುತ್ತಿಗೆದಾರರೊಬ್ಬರ ಹತ್ತಿರ ಸ್ಟೋರ್ ಕೀಪರನಾಗಿದ್ದ. ಆ ಕೆಲಸ ಮುಗಿದು ಈ ಬೇಸಿಗೆಯಲ್ಲಿ ಒಂದು ದೋಣಿಗೆ ಪಾಲುದಾರನಾದ. ದಂಡೆಯ ಮೇಲೆ ಕೂತವರಿಗೆ ಅಷ್ಟೇ ಸಾಕಾಯಿತು.

"ರಾಮನಾಥನ ಮಗ ಹೌದೋ, ಸ್ಟೋರಿನ ಮಗನೋ?"

"ಪೆನ್ನು ಹಿಡದ ಕೈಲಿ ಚುಕ್ಕಾಣಿ ಜಾರೂದಿಲ್ವೇನ ರೇ?"

ಸಂಕೇತ ನಕ್ಕು ಮನೆಗೆ ಬರುತ್ತಿದ್ದ. ಮನೆಗೆ ಬಂದ ಮೇಲೆ ನಗು ಇರುತ್ತಿರಲಿಲ್ಲ.

"ಒಂಬತ್ತಕ್ಕ ಹೋದ್ರ ಏನ್ ಗಂಟ ಹೋಗತೈತಿ?" ಎಂದು ಪ್ರೀತಿ ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿದಳು.

ಸಂಕೇತ ತಟ್ಟೆ ದೂಡಿದ. ಉತ್ತರ ಕೊಟ್ಟದ್ದು ಬೇಬಿ. "ಒಂಬತ್ತಕ್ಕೆ ಹೋಗೂದಕ್ಕೆ ಗಂಡ್ಸು ಬೇಕಾ? ಬಸ್ಸಲ್ಲೂ ಹೋಗ್ಬಹುದು. ನಿನ್ ಅಪ್ಪ ಹಂಗೇ ಅಲ್ವಾ ಗೋ, ಹಸ್ರು ಬಾವುಟ ತೋರ್ಸಿದ್ ಮೇಲೇ ರೈಲು ಬಿಡೂದು? ನಮ್ಮನೇಲಿ ಬಾವುಟ ಇಲ್ಲ. ನಮ್ಮನೇಲಿ ಧಾಡಸ ಉಂಟು."

ಧಾಡಸ ಎನ್ನುವ ಮಾತನ್ನು ಪ್ರೀತಿ ಆ ಮನೆಯಲ್ಲಿ ಎಷ್ಟು ಸಲ ಕೇಳಿದ್ದಳೋ. ಕೊಂಕಣಿಯಲ್ಲೂ ಅದೇ, ಇಲ್ಲಿಯ ಕನ್ನಡದಲ್ಲೂ ಅದೇ. ಗೋಡೆಯ ಮೇಲಿನ ರಾಮನಾಥನ ಫೋಟೋಕ್ಕೆ ಹೂ ಹಾಕುವಾಗ ಬೇಬಿ ಹೇಳುವ ಮಾತು ಅದು: "ಧಾಡಸದ ಮನ್ಶಾ." ಮೊದಮೊದಲು ಪ್ರೀತಿ ಅದು ಧೈರ್ಯವೇ ಎಂದುಕೊಂಡಿದ್ದಳು. ಇರುತ್ತ ಇರುತ್ತ ವ್ಯತ್ಯಾಸ ಕಂಡಿತು. ದಂಡೆಯ ಮೇಲೆ, ಮದುವೆಯ ಚಪ್ಪರದಲ್ಲಿ, ನಾಲ್ಕು ಜನ ನೋಡುವಲ್ಲಿ ಇರುವುದು ಧಾಡಸ. ಸಾವಿನ ಮನೆಗೆ ಹೋದ ಹೆಂಗಸರು ಮಾತ್ರ ಯಾರೂ ಧಾಡಸ ಎನ್ನುವುದಿಲ್ಲ. ಗೋಡೆಗೆ ಒರಗಿ ಕೂತವಳ ಬೆನ್ನು ಸವರಿ, "ಧೈರ್ಯ ತಕೋ ಬಾಯಿ" ಎನ್ನುತ್ತಾರೆ. ಒಂದು ಮಾಡಿ ತೋರಿಸುವುದು. ಇನ್ನೊಂದು, ಬೇರೆಯವರು ಮಾಡಿಟ್ಟುಹೋದ ಮೇಲೆ ಕೂತು ತೆಗೆದುಕೊಳ್ಳುವುದು.

ಆ ಮನೆಯಲ್ಲಿ ಇನ್ನೊಂದು ಹೆಸರಿತ್ತು. ಅದಕ್ಕೆ ಹೂ ಇರಲಿಲ್ಲ, ಉಗುಳು ಇತ್ತು. ರಾಮನಾಥನ ತಮ್ಮ ಮಂಗೇಶ.

ಮಂಗೇಶ ಹೆಚ್ಚು ಮೀನು ಹಿಡಿದವನಲ್ಲ. ಅವನ ಕೆಲಸ ತೆರೆ ಎಣಿಸುವುದು. ಹೊಳೆಯಾಚೆ, ಸದಾಶಿವಗಡದ ಗುಡ್ಡದ ಬುಡದಲ್ಲಿ, ಅಳಿವೆಗೆ ಮೂಗು ಚಾಚಿದ ಒಂದು ಬಂಡೆಯಿದೆ. ದೋಣಿಯಲ್ಲಿ ಕೂತವನಿಗೆ ಕಾಣುವುದು ಎದುರಿನ ಒಂದೇ ತೆರೆ. ಬಂಡೆ ಹತ್ತಿದವನಿಗೆ ಹಿಂದಿನ ಹತ್ತೂ ಕಾಣುತ್ತವೆ. ದೊಡ್ಡ ತೆರೆಗಳು ಹಿಂಡಾಗಿ ಬರುತ್ತವೆ, ಐದೋ ಏಳೋ. ಹಿಂಡು ಹೋದ ಮೇಲೆ ಒಂದು ಸಣ್ಣ ಬಿಡುವು. ಆ ಬಿಡುವು ಬರುವ ಹೊತ್ತಿಗೆ ಎಣಿಸುವವನು ಬಿಳಿ ಪಂಜೆ ಎತ್ತಬೇಕು, ದೋಣಿ ನುಗ್ಗಬೇಕು. ಮಂಗೇಶ ಇಪ್ಪತ್ತನೆಯ ವಯಸ್ಸಿಗೆ ಅಜ್ಜನಿಂದ ಆ ಪಂಜೆ ತೆಗೆದುಕೊಂಡ. ಹದಿನಾರು ಮಳೆಗಾಲ ಎತ್ತಿದ. ಅವನು ಎತ್ತಿದಾಗ ಹೋದ ಒಂದು ದೋಣಿಯೂ ಮಗುಚಲಿಲ್ಲ. ದುಡ್ಡಿಲ್ಲ, ಕಾಸಿಲ್ಲ, ದೋಣಿಯ ಮನೆಯವರು ಒಂದು ತೆಂಗಿನಕಾಯಿ ಹಿಡಿದು ಕರೆಯಬೇಕು, ಅಷ್ಟೇ. ಕರೆಯದೆ ಎಣಿಸುವವನು ಬಂಡೆ ಹತ್ತುವುದಿಲ್ಲ.

ಈ ಏರ್ಪಾಡಿನಲ್ಲಿ ಒಂದೇ ಒಂದು ಕೊರತೆ ಇತ್ತು. 'ಬಾ' ಎನ್ನುವುದಕ್ಕೆ ಪಂಜೆ ಇತ್ತು. 'ಬೇಡ' ಎನ್ನುವುದಕ್ಕೆ ಏನೂ ಇರಲಿಲ್ಲ. ಬೇಡವಾದರೆ ಎಣಿಸುವವನು ಸುಮ್ಮನೆ ನಿಂತಿರುತ್ತಾನೆ. ದೋಣಿಯಿಂದ ನೋಡುವವನಿಗೆ, ನಿಂತವನು ಲೆಕ್ಕ ಹಾಕುತ್ತಿದ್ದಾನೋ ಕಾಲು ನಡುಗಿ ನಿಂತಿದ್ದಾನೋ ತಿಳಿಯುವುದಿಲ್ಲ.

ಹದಿನಾಲ್ಕು ವರ್ಷದ ಹಿಂದಿನ ಹುಣ್ಣಿಮೆಯಲ್ಲಿ ಮಂಗೇಶ ಒಂದೂವರೆ ತಾಸು ಪಂಜೆಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತ. ಕೆಳಗೆ ಹನ್ನೊಂದು ದೋಣಿ ಕಾದವು. ಶಿಳ್ಳೆ ಬಿತ್ತು, ಬೈಗುಳ ಬಿತ್ತು. "ನಿನ್ ತಮ್ಮಂಗೆ ಸೀರೆ ಉಡ್ಸು" ಎಂದು ಯಾರೋ ರಾಮನಾಥನಿಗೆ ಕೂಗಿದರು. ರಾಮನಾಥ ಮಿಷನ್ನಿನ ಹಗ್ಗ ಎಳೆದು ದೋಣಿ ನುಗ್ಗಿಸಿದ.

ದೋಣಿಯಲ್ಲಿ ಮೂವರಿದ್ದರು. ಇಬ್ಬರು ಬದುಕಿದರು. ಮಂಗೇಶ ಬಂಡೆಯಿಂದ ಇಳಿಯಲೇ ಇಲ್ಲ. ಅಣ್ಣ ಮುಳುಗುವುದನ್ನು ನಿಂತು ನೋಡಿದ, ನೀರಿಗೆ ಕಾಲಿಡಲಿಲ್ಲ. ಬೇಬಿ ಹನ್ನೊಂದನೆಯ ದಿನ ಅಂಗಳದಲ್ಲಿ ನಿಂತು, "ಇನ್ನು ಈ ಹೊಸಲು ತುಳದ್ರೆ ಮೀನಿನ ಕತ್ತಿ ಉಂಟು" ಎಂದಳು. ಅವನು ಹೆಂಡತಿ ಲಲಿತಾಳ ಊರಾದ ಅಂಕೋಲೆಯ ಕೇಣಿಗೆ ಹೋದ. ಮತ್ತೆ ಬರಲಿಲ್ಲ. ಬಂಡೆಯನ್ನೂ ಯಾರೂ ಹತ್ತಲಿಲ್ಲ. ಅವರವರ ಧಾಡಸ ಅವರವರಿಗೆ ಎಂದಾಯಿತು.

ಪ್ರೀತಿಗೆ ಕಥೆ ಗೊತ್ತಿದ್ದದ್ದು ಇಷ್ಟೇ. ಅವಳೂ ಆ ಮನುಷ್ಯನನ್ನು ನೋಡದೆಯೇ ದ್ವೇಷಿಸುತ್ತಿದ್ದಳು. ಆದರೆ ಹುಣ್ಣಿಮೆಗೆ ನಾಲ್ಕು ದಿನವಿದ್ದಾಗ ಸಂಕೇತ ಒಂದು ಮಾತು ಬಾಯಿಬಿಟ್ಟ. ಅವನ ದೋಣಿಯ ಮಿಷನ್ ನೋಡಿಕೊಳ್ಳುವವನು ಹೊನ್ನ. ಅಂದು ಬದುಕಿದ ಇಬ್ಬರಲ್ಲಿ ಒಬ್ಬ.

"ಹೊನ್ನನ ತಲೆ ಕೆಟ್ಟದೆ. ಬಂಡೆ ಮೇಲೆ ಮಂಗೇಶ ನಿಂತಿದ್ರೆ ಅವ ಪಂಜೆ ಎತ್ತೂವರೆಗೆ ಮಿಷನ್ನಿಗೆ ಕೈ ಹಚ್ಚೂದಿಲ್ಲ ಅಂತಿದ್ದ. ನಾನು ನಗ್ದೆ. ಆ ಹೆದರ್ಪುಕ್ಲ ಎಲ್ಲಿ ಬತ್ತಾನೆ?"

ಸಂಕೇತ ಅದನ್ನು ಹೇಳಿದ್ದು ಗೇಲಿಗೆ. ಪ್ರೀತಿ ಕೇಳಿದ್ದು ಬೇರೆ ಕಿವಿಯಿಂದ.

ಮರುದಿನ ಮಗಳ ಹಲ್ಲು ತೋರಿಸುವ ನೆಪ ಹೇಳಿ ಅವಳು ಅಂಕೋಲೆಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ, ಬ್ರೇಕು ಬಿದ್ದಾಗಲೆಲ್ಲ, ರಕ್ಷಿತಾಳನ್ನು ಎರಡೂ ಕೈಯಲ್ಲಿ ತಬ್ಬಿದಳು. ಕೇಣಿಯಲ್ಲಿ ಮಂಗೇಶನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯೆದುರಿನ ದಂಡೆಯಲ್ಲಿ ಬಲೆ ಹೊಲಿಯುವ ಎಂಟು ಜನರಲ್ಲಿ ಒಬ್ಬನೇ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದ. ಐವತ್ತು ವರ್ಷದ ಒಣಕಲು ಆಳು. ಕಾಲ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ ಹೊಲಿಯುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಬಲೆಯ ಕಣ್ಣುಗಳನ್ನು ಎಣಿಸುತ್ತಿದ್ದ.

"ನಾ ಸಂಕೇತನ ಹೆಂಡ್ತಿ" ಎಂದಳು ಪ್ರೀತಿ.

ಅವನು ತಲೆಯೆತ್ತಲಿಲ್ಲ. "ನಲವತ್ತೆರಡು. ಯಾವ ಸಂಕೇತ?"

"ನಿಮ್ಮ ಅಣ್ಣನ ಮಗ."

"ನಂಗೆ ಅಣ್ಣ ಇಲ್ಲ. ನಲವತ್ಮೂರು. ಬೇಬಿ ಕಳ್ಸಿದ್ಲಾ? ಮೀನಿನ ಕತ್ತಿ ತಂದ್ಯಾ, ಇಲ್ಲಾ ಬರೀ ನಾಲಿಗೆ ತಂದ್ಯಾ?"

"ಯಾರೂ ಕಳಿಸಿಲ್ಲ. ನಾನಽ ಬಂದೀನಿ."

"ಓಹೋ. ಧಾಡಸ." ಅವನು ಪಕ್ಕಕ್ಕೆ ಉಗುಳಿದ. "ಆ ಮನೆ ನೀರೇ ಹಂಗೆ. ಹುಬ್ಬಳ್ಳಿ ಹೆಣ್ಣಿಗೂ ಹತ್ತಿಬಿಡ್ತು."

ಪ್ರೀತಿಗೆ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ನಿಂತೇ ಎಲ್ಲ ಹೇಳಿದಳು. ಸಂಕೇತ ಇಳಿತದಲ್ಲಿ ಹೋಗುತ್ತಾನೆ, ಮೊದಲ ದೋಣಿ, ನೀವು ಬಂದು ಬಂಡೆ ಮೇಲೆ ನಿಂತರೆ ಹೊನ್ನ ಮಿಷನ್ ಮುಟ್ಟುವುದಿಲ್ಲ.

"ಹೋಗ್ಲಿ. ಧಾಡಸ ಉಂಟಲ್ಲ, ಹೋಗ್ಲಿ. ಸತ್ರೆ ಫೋಟೋ ಹಾಕ್ಲಿ ಬೇಬಿ. ಗೋಡೇಲಿ ಜಾಗ ಉಂಟು."

"ನಿಮಗ ನಾಚಿಕಿ ಆಗೂದಿಲ್ಲೇನು? ಆವತ್ತೂ ನಿಂತಽ ನೋಡಿದ್ರಿ, ಇವತ್ತೂ ಕೂತಽ ನೋಡ್ತೀರಿ!"

ಬಲೆಯ ಸೂಜಿ ನಿಂತಿತು. ಉಳಿದ ಏಳು ಜನರ ಕೈಯೂ ನಿಂತಿತು. ಒಳಗಿಂದ ಲಲಿತಾ ಬಂದಳು, ಮೀನಿನ ಬುಟ್ಟಿ ತೊಳೆಯುತ್ತಿದ್ದ ಕೈ ಹಾಗೇ ಒದ್ದೆ.

"ನಿಂತು ನೋಡಿದ್ರು, ಹೌದು" ಎಂದಳು ಲಲಿತಾ. "ಎಂತಕ್ಕೆ ನಿಂತ್ರು ಅಂತ ನಿನ್ ಅತ್ತೆ ಕೇಳಿದ್ಲಾ?"

"ಒಳಗ್ ನಡಿಯೇ ನೀನು" ಎಂದ ಮಂಗೇಶ.

"ಹೋಗೂದಿಲ್ಲ. ಹದ್ನಾಕು ವರ್ಷ ಒಳಗೇ ಇದ್ದೆ." ಅವಳು ಪ್ರೀತಿಯ ಮುಖದ ಹತ್ತಿರವೇ ಬಂದು ನಿಂತಳು. "ದೋಣಿ ಮಗುಚ್ದಾಗ ಮೂರು ತಲೆ ಮೂರು ಕಡೆ ಹೋದ್ವು. ಹುಡುಕೂಕೆ ಹೋದ ದೋಣಿಗೆ ತೆರೆ ಮಧ್ಯ ಎಂತದೂ ಕಾಣ್ತಿರ್ಲಿಲ್ಲ. ಮೇಲಿಂದ ಕಾಣ್ತಿದ್ದದ್ದು ಇವ್ರಿಗೆ ಒಬ್ರಿಗೇ. ಪಂಜೆ ಬೀಸಿ ಬೀಸಿ ದಿಕ್ಕು ತೋರ್ಸಿದ್ರು. ಹೊನ್ನ ಸಿಕ್ದ, ಇನ್ನೊಬ್ಬ ಸಿಕ್ದ. ನಿನ್ ಮಾವನ ತಲೆ ದೂರ ಇತ್ತು. ಅದು ಒಳಗೆ ಹೋಗೂದನ್ನೂ ಮೇಲಿಂದ ಇವ್ರೇ ನೋಡ್ದದ್ದು. ಇಳ್ದು ನೀರಿಗೆ ಹಾರಿದ್ರೆ ಊರು ಶಾಬಾಸ್ ಅಂತಿತ್ತು. ಮೂರು ಹೆಣ ಬತ್ತಿತ್ತು, ನಾಕೂ ಬತ್ತಿತ್ತು. ಹೇಳು ಹೋಗಿ ನಿನ್ ಅತ್ತೆಗೆ."

"ಅವ್ಳಿಗೆ ಗೊತ್ತುಂಟು" ಎಂದ ಮಂಗೇಶ, ಮೆಲ್ಲಗೆ. "ಹೊನ್ನ ಆವತ್ತೇ ಹೇಳ್ದಾನೆ. ಗೊತ್ತುಂಟು ಅಂತಲೇ ಕತ್ತಿ ತೋರ್ಸಿದ್ದು."

ರಕ್ಷಿತಾ ಅಷ್ಟರಲ್ಲಿ ನೀರಿನ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಳು. ಪ್ರೀತಿ ಕಿರುಚುವ ಮೊದಲೇ ಮಂಗೇಶ, ಹಿಂದೆ ತಿರುಗಿ ನೋಡದೆಯೇ, ಮಗುವಿನ ಫ್ರಾಕು ಹಿಡಿದೆಳೆದು ಬಲೆಯ ರಾಶಿಯ ಮೇಲೆ ಕೂರಿಸಿದ. ಬೆನ್ನು ಹಾಕಿ ಕೂತವನು ಹೆಜ್ಜೆಗಳನ್ನೂ ಎಣಿಸುತ್ತಿದ್ದನೋ ಏನೋ.

"ಇಳಿತ ಎಷ್ಟಕ್ಕೆ?" ಎಂದು ಕೇಳಿದ.

"ಐದೂ ನಲವತ್ತಕ್ಕ. ಭರತ ತುಂಬೂದು ಹನ್ನೊಂದೂ ಮುಕ್ಕಾಲಕ್ಕ. ಒಂಬತ್ತಕ್ಕ ದಿಬ್ಬದ ಮ್ಯಾಲೆ ಸಾಕಷ್ಟು ನೀರು ಇರತದ."

ಅವನು ಮೊದಲ ಸಲ ಅವಳ ಮುಖ ನೋಡಿದ. ಆ ನೋಟದಲ್ಲಿ ಅಕ್ಕರೆಯೇನೂ ಇರಲಿಲ್ಲ. "ಹುಬ್ಬಳ್ಳೀಲಿ ಇದನ್ನೂ ಕಲಿಸ್ತಾರಾ?"

"ಹೆದರಿಕಿ ಕಲಿಸ್ತದ" ಎಂದಳು ಪ್ರೀತಿ.

"ಹೂಂ." ಅವನು ಮತ್ತೆ ಸೂಜಿ ಎತ್ತಿದ. "ಹೆದ್ರಿಕೆ ಇದ್ದವ್ನೇ ಎಣ್ಸೂದು. ಹೆದ್ರಿಕೆ ಇಲ್ದವ ಒಂದು ಅನ್ನೂದ್ರೊಳಗೆ ಹಾರ್ತಾನೆ. ಹೋಗು. ಕರೀದೆ ನಾನು ಬಂಡೆ ಹತ್ತೂದಿಲ್ಲ. ನೀ ಇಲ್ಲಿ ಕದ್ದು ಬಂದು ಕೇಳ್ದದ್ದು ಕರದಂಗೆ ಅಲ್ಲ. ಆ ಮನೆ ಕರೀಬೇಕು. ಆ ಮನೆ ಒಳಗಿಂದ. ಕಾಯಿ ಕೈಲಿ ಹಿಡ್ದು."

ಲಲಿತಾ ಪಕ್ಕದ ಕಿರಾಣಿ ಅಂಗಡಿಯ ಫೋನ್ ನಂಬರನ್ನು ಪ್ರೀತಿಯ ಬಸ್ ಟಿಕೆಟ್ಟಿನ ಹಿಂದೆ ಬರೆದಳು. ಕೊಡುವಾಗ ಕೈಗೆ ಕೊಡಲಿಲ್ಲ, ಬಲೆಯ ಮೇಲೆ ಎಸೆದಳು.

ಆಮೇಲಿನ ಎರಡು ದಿನ ಆ ಟಿಕೆಟ್ಟು ಪ್ರೀತಿಯ ಸೆರಗಿನ ಗಂಟಿನಲ್ಲಿ ಬೆವರಿತು. ಬಿಚ್ಚುವುದು, ಓದುವುದು, ಕಟ್ಟುವುದು. ಸಂಕೇತನಿಗೆ ಹೇಳಿದರೆ ಸಿಟ್ಟಿಗೆ ಇನ್ನೂ ಒಂದು ತಾಸು ಮೊದಲೇ ಹೊರಟಾನು. ಅತ್ತೆಗೆ ಹೇಳಿದರೆ? ಬೇಬಿ ಹುಣ್ಣಿಮೆಗೆಂದು ತೆಗೆದಿಟ್ಟ ಐದು ತೆಂಗಿನಕಾಯಿಗಳನ್ನು ದಿನವೂ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಇಡುತ್ತಿದ್ದಳು. ಮಗನನ್ನು ಹದಿನಾಲ್ಕು ವರ್ಷ ನೀರಿಗೆ ಬಿಡದವಳು ಈಗ ಯಾಕೆ ದೂಡುತ್ತಿದ್ದಾಳೆ ಎಂದು ಪ್ರೀತಿ ತಲೆ ಕೆಡಿಸಿಕೊಂಡಿದ್ದಳು. ಕೇಣಿಯಿಂದ ಬಂದ ಮೇಲೆ ಅದು ಹೊಳೆಯಿತು. ಮಗ ಒಂಬತ್ತರ ತನಕ ಕಾದು ಸುಮ್ಮನೆ ದಾಟಿಬಿಟ್ಟರೆ, ರಾಮನಾಥನೂ ಅಂದು ಕಾಯಬಹುದಿತ್ತು ಎಂದಾಗುತ್ತದೆ. ಗೋಡೆಯ ಮೇಲಿನ ಫೋಟೋಕ್ಕೆ ಆಮೇಲೆ ಏನೆಂದು ಹೂ ಹಾಕುವುದು? ಬೇಬಿ ಇಷ್ಟು ವರ್ಷ ಬುಟ್ಟಿ ಹೊತ್ತದ್ದು ಆ ಒಂದು ಮಾತಿನ ಬಲದ ಮೇಲೆ.

ಪಾಪ ಅನ್ನಿಸಿತು. ಅನ್ನಿಸಿದ ಹಿಂದೆಯೇ ಸಿಟ್ಟು ಬಂತು. ಆ ಮಾತಿಗೆ ಇನ್ನೊಂದು ತಲೆ ಕೊಡಲು ಅವಳು ಸಿದ್ಧಳಿರಲಿಲ್ಲ.

ಎಂಟನೆಯ ತಾರೀಖು ಮಧ್ಯಾಹ್ನ ಮೂರು ಗಂಟೆ. ಸಂಕೇತ ದಂಡೆಯಲ್ಲಿ ದೋಣಿಗೆ ಹೂವಿನ ಮಾಲೆ ಕಟ್ಟಿಸುತ್ತಿದ್ದ. ಬೇಬಿ ಒಳಜಗಲಿಯಲ್ಲಿ ಕತ್ತಿಮಣೆಯ ಮೇಲೆ ಕೂತು ಬಂಗಡೆ ಕೊಯ್ಯುತ್ತಿದ್ದಳು. ಫೋನು ಇದ್ದದ್ದು ಅವಳಿಗೆ ನಾಲ್ಕು ಮಾರು ದೂರದಲ್ಲಿ, ರಾಮನಾಥನ ಫೋಟೋದ ಕೆಳಗೆ. ಹೊರಗೆ ಬೂತಿಗೆ ಹೋಗಬಹುದಿತ್ತು. ಪ್ರೀತಿ ಚಪ್ಪಲಿಯನ್ನೂ ಮೆಟ್ಟಿದ್ದಳು. ಹೊಸ್ತಿಲಲ್ಲಿ ನಿಂತು ಮತ್ತೆ ಬಿಟ್ಟಳು. ಮನೆಯೊಳಗಿಂದ ಎಂದಿದ್ದ ಆ ಮನುಷ್ಯ.

ಅವಳು ಐದು ಕಾಯಿಗಳಲ್ಲಿ ಒಂದನ್ನು ಎತ್ತಿಕೊಂಡಳು.

"ಅದೆಂತಕ್ಕೆ ಮುಟ್ತೀ?" ಎಂದಳು ಬೇಬಿ.

ಪ್ರೀತಿ ಉತ್ತರ ಕೊಡಲಿಲ್ಲ. ಕಾಯಿಯನ್ನು ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ನಂಬರು ಒತ್ತಿದಳು. ಮೊದಲ ಸಲ ಒಂದು ಅಂಕಿ ತಪ್ಪಿತು. ಎರಡನೆಯ ಸಲ ಅಂಗಡಿಯವ ಎತ್ತಿದ. ಬಲೆ ಹೊಲಿಯುವ ಮಂಗೇಶನನ್ನು ಕರೆಯಿರಿ ಎಂದಳು.

ಕತ್ತಿಮಣೆಯ ಸದ್ದು ನಿಂತಿತು.

"ಯಾರನ್ನ?" ಬೇಬಿ ಎದ್ದು ನಿಂತಳು, ಕೈಯಲ್ಲಿ ಅರ್ಧ ಕೊಯ್ದ ಬಂಗಡೆ. "ಯಾರನ್ನ ಕರೀತೆ ಗೋ ನೀನು? ನನ್ ಮನೇಲಿ ನಿಂತು, ಅವರ ಫೋಟೋ ಕೆಳಗೆ ನಿಂತು... ಇಡು ಫೋನು. ಇಡ್ತಿಯೋ ಇಲ್ವೋ, ಹಲ್ಕಟ್!"

"ಇಡೂದಿಲ್ಲ, ಅತ್ತಿ."

"ಹುಬ್ಬಳ್ಳಿಗೆ ಹೋಗು ನೀನು! ಇವತ್ತೇ ಗಂಟು ಕಟ್ಟು!"

"ನಾಳೆ ಒಂಬತ್ತರ ಮ್ಯಾಲೆ ಹೋಗ್ತೀನಿ. ಅವರು ದಾಟಿದ ಮ್ಯಾಲೆ." ಪ್ರೀತಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಗೋಡೆಗೆ ಒರಗಿದಳು. "ಹೊನ್ನ ನಿಮಗ ಹೇಳಿದ್ದ ಅಲ್ಲ, ಆವತ್ತಽ? ಪಂಜೆ ಬೀಸಿ ದಿಕ್ಕು ತೋರಿಸಿದ್ದು ಯಾರಂತ?"

ಬೇಬಿಯ ಕೈಯ ಬಂಗಡೆಯಿಂದ ನೆಲಕ್ಕೆ ರಕ್ತದ ಹನಿ ಬೀಳುತ್ತಿತ್ತು. ಅವಳು ಬಂದು ಫೋನಿನ ವೈರು ಕಿತ್ತು ಎಸೆಯುತ್ತಾಳೆ ಎಂದು ಪ್ರೀತಿ ಕಾದಳು. ಅವಳು ಬರಲಿಲ್ಲ. ನಿಂತಲ್ಲೇ ನಿಂತಳು.

ಫೋನಿನಲ್ಲಿ ಚಪ್ಪಲಿಯ ಸದ್ದು ಕೇಳಿತು, ಆಮೇಲೆ ಕೆಮ್ಮು. "ಯಾರು?"

"ಕೋಡಿಬಾಗದ ಮನಿಯಿಂದ" ಎಂದಳು ಪ್ರೀತಿ. "ಕಾಯಿ ಕೈಯಾಗ ಐತಿ. ನಾಳೆ ಎಣಸಾಕ ಬರ್ರಿ."

ಆ ಕಡೆಯಿಂದ ಮಂಗೇಶ ಕೇಳಿದ: "ಬೇಬಿ?"

"ಇಲ್ಲೇ ಅದಾರ. ಕೇಳಾಕತ್ತಾರ."

ಬೇಬಿ ಕೈಯಲ್ಲಿದ್ದ ಮೀನನ್ನು ಪಾತ್ರೆಗೆ ಬಡಿದಳು. ಫೋನಿನಾಚೆಗೂ ಕೇಳುವಂತೆ, ಗಂಟಲು ಹರಿಯುವಂತೆ ಕೂಗಿದಳು: "ಆ ಮನ್ಶಂಗೆ ಹೇಳು, ನನ್ ಅಂಗಳ ತುಳೀಬಾರ್ದು ಅಂತ! ಬಂಡೆಗೆ ಹೋಗೂಕೆ ಸೇತುವೆ ಉಂಟು. ಬಸ್ಸು ಸದಾಶಿವಗಡಕ್ಕೇ ಹೋಗ್ತದೆ. ಅಲ್ಲೇ ಇಳೀಲಿ, ಅಲ್ಲಿಂದ್ಲೇ ಹೋಗ್ಲಿ!"

ಕೂಗಿ, ಬೆನ್ನು ತಿರುಗಿಸಿ, ಮತ್ತೆ ಕತ್ತಿಮಣೆಯ ಮೇಲೆ ಕೂತಳು.

"ಕೇಳಸ್ತೇನ್ರಿ?" ಎಂದಳು ಪ್ರೀತಿ.

"ಕಿವಿ ಹರ್ದು ಹೋಯ್ತು" ಎಂದ ಮಂಗೇಶ. ಮತ್ತೆ ಕೇಳಿದ, "ಮೊದ್ಲ ಬಸ್ಸು ಎಷ್ಟಕ್ಕೆ?"

ಅದೂ ಅವಳಿಗೆ ಗೊತ್ತಿತ್ತು. "ನಾಲ್ಕೂ ಇಪ್ಪತ್ತಕ್ಕ" ಎಂದಳು.